ಇಂಗ್ಲಿಷ್ ಮೇಷ್ಟ್ರು, ಕನ್ನಡದ ಕಣ್ವ

ನಮ್ಮ ಕಾಲೇಜಿನಲ್ಲಿ ಥರ್ಮೋಡೈನಮಿಕ್ಸ್‌ನಿಂದ ಹಿಡಿದು ಡೇಟಾ ಸ್ಟ್ರಕ್ಚರ್ಸ್ ತನಕ ಎಲ್ಲಾ ಪಾಠವೂ ಇಂಗ್ಲಿಷಿನಲ್ಲೇ. ಪಿಯುಸಿವರೆಗೂ ಕನ್ನಡ ಮೀಡಿಯಂನಲ್ಲಿ ಓದಿ ಬಂದವರಿಗೆ ಮೊದಲ ಸೆಮಿಸ್ಟರ್ ಎಷ್ಟು ಕಷ್ಟ ಅನ್ನೋದು ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು. ಇಂಗ್ಲಿಷ್ ಕಲಿತರೆ ಕನ್ನಡ ಕೈಬಿಡಬೇಕು, ಕನ್ನಡ ಅಂತ ಕೂತರೆ ಕೆಲಸ ಸಿಗಲ್ಲ ಅನ್ನೋ ಮಾತು ಹಾಸ್ಟೆಲ್ಲಿನಲ್ಲಿ ದಿನಾ ಕೇಳುತ್ತೇವೆ. ನೂರು ವರ್ಷದ ಹಿಂದೆಯೂ ಇದೇ ಮಾತು ಇತ್ತು. ಆಗ ಇಂಗ್ಲಿಷ್ ಪಾಠ ಮಾಡಿಯೇ ಸಂಬಳ ತೆಗೆದುಕೊಳ್ಳುತ್ತಿದ್ದ ಒಬ್ಬ ಮೇಷ್ಟ್ರು ಈ ಮಾತು ಸುಳ್ಳು ಅಂತ ಬದುಕಿ ತೋರಿಸಿದರು. ಅವರೇ ಬಿ.ಎಂ. ಶ್ರೀಕಂಠಯ್ಯ, ನಮ್ಮೆಲ್ಲರ ಬಿಎಂಶ್ರೀ.

ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಅದು ತಾಯಿಯ ಊರು. ಮನೆತನದ ಊರು ನಾಗಮಂಗಲದ ಹತ್ತಿರದ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದರಾಸಿಗೆ ಹೋಗಿ ಬಿ.ಎಲ್. ಮತ್ತು ಎಂ.ಎ. ಎರಡನ್ನೂ ಮಾಡಿಕೊಂಡು ಬಂದರು. ಅಪ್ಪನ ಹಾಗೆ ವಕೀಲಿಕೆಗೆ ಇಳಿಯಬಹುದಿತ್ತು. ಆದರೆ 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು.

ಆಗಿನ ಕನ್ನಡದ ಸ್ಥಿತಿ ಹೇಗಿತ್ತು ಅಂದರೆ, ಇಂಗ್ಲಿಷ್ ಓದಿದವರು ಕನ್ನಡದಲ್ಲಿ ಮಾತಾಡೋಕೇ ಸಂಕೋಚಪಡುತ್ತಿದ್ದರು. ಕನ್ನಡ ಪಂಡಿತರು ಹಳಗನ್ನಡ ಬಿಟ್ಟು ಈಚೆ ಬರುತ್ತಿರಲಿಲ್ಲ. ಇಬ್ಬರ ನಡುವೆ ಸೇತುವೆಯೇ ಇರಲಿಲ್ಲ. 1911ರಲ್ಲಿ, ಕೆಲಸಕ್ಕೆ ಸೇರಿ ಎರಡೇ ವರ್ಷಕ್ಕೆ, 27ರ ಈ ಇಂಗ್ಲಿಷ್ ಮೇಷ್ಟ್ರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಕನ್ನಡ ತಲೆಯೆತ್ತೋದು ಹೇಗೆ ಅನ್ನೋದೇ ವಿಷಯ. ಜನಕ್ಕೆ ತಿಳಿಯುವ ಹೊಸಗನ್ನಡದಲ್ಲಿ ಬರೆಯಬೇಕು, ಇಂಗ್ಲಿಷಿನಿಂದ ತರಬಹುದಾದ್ದನ್ನು ಧೈರ್ಯವಾಗಿ ತರಬೇಕು ಅನ್ನೋದು ಅವರ ನಿಲುವು. ಮೈಸೂರು ಮಹಾರಾಜರ ಆಳ್ವಿಕೆಯಲ್ಲಿ, ಧಾರವಾಡ ಮುಂಬಯಿ ಪ್ರಾಂತದಲ್ಲಿ ಇದ್ದ ಕಾಲ ಅದು. ಕರ್ನಾಟಕ ಅನ್ನೋ ರಾಜ್ಯ ಇನ್ನೂ ಕನಸು.

ಹೇಳಿ ಸುಮ್ಮನಾಗಲಿಲ್ಲ, ತಾವೇ ಮಾಡಿ ತೋರಿಸಿದರು. ತರಗತಿಯಲ್ಲಿ ಪಾಠ ಮಾಡುತ್ತಿದ್ದ ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್‌ನಂಥವರ ಪದ್ಯಗಳನ್ನು ಕನ್ನಡಕ್ಕೆ ತಂದರು. ಅದೇ ‘ಇಂಗ್ಲಿಷ್ ಗೀತಗಳು’, ಪುಸ್ತಕವಾಗಿ ಬಂದದ್ದು 1926ರಲ್ಲಿ. ಇಲ್ಲಿ ಬರೀ ಅನುವಾದಕ್ಕಿಂತ ದೊಡ್ಡದೊಂದು ಕೆಲಸ ಆಯಿತು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕು ಅನ್ನೋ ಆದಿಪ್ರಾಸದ ಕಟ್ಟು ನೂರಾರು ವರ್ಷದಿಂದ ಕನ್ನಡ ಪದ್ಯವನ್ನು ಹಿಡಿದಿಟ್ಟಿತ್ತು. ಅದನ್ನು ಬಿಟ್ಟರು. ಮೂರು, ನಾಲ್ಕು, ಐದು ಮಾತ್ರೆಗಳ ಗುಂಪನ್ನು ಬೇರೆ ಬೇರೆ ರೀತಿ ಜೋಡಿಸಿ ಹೊಸ ಲಯಗಳನ್ನು ಕಟ್ಟಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಹಳೇ ಬಿಡಿಭಾಗಗಳಿಂದಲೇ ಹೊಸ ಯಂತ್ರ. ನವೋದಯದ ಕವಿಗಳು ಆಮೇಲೆ ಓಡಿಸಿದ್ದು ಈ ಯಂತ್ರವನ್ನೇ. ಇವತ್ತಿಗೂ ಸುಗಮ ಸಂಗೀತದಲ್ಲಿ ಕೇಳುವ, ಬೆಳಕನ್ನು ಕರೆಯುವ ಆ ಪ್ರಾರ್ಥನೆ ಮೂಲದಲ್ಲಿ ಕಾರ್ಡಿನಲ್ ನ್ಯೂಮನ್ ಬರೆದದ್ದು ಅಂದರೆ ಎಷ್ಟೋ ಜನ ನಂಬಲ್ಲ.

ಅದೇ 1926ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯ ಅದು. ರಿಜಿಸ್ಟ್ರಾರ್ ಅಂದರೆ ಪರೀಕ್ಷೆ, ಫೈಲು, ಸಭೆ, ಸಹಿ. ಸಾಹಿತಿಗಳಿಗೆ ಆ ಕುರ್ಚಿ ಶಿಕ್ಷೆ ಇದ್ದ ಹಾಗೆ ಅಂತ ನಮಗನ್ನಿಸಬಹುದು. ಬಿಎಂಶ್ರೀ ಆ ಕುರ್ಚಿಯನ್ನು ಉಪಯೋಗಿಸಿಕೊಂಡರು. ಕನ್ನಡದಲ್ಲಿ ಎಂ.ಎ. ತರಗತಿ 1927ರಲ್ಲಿ ಶುರುವಾಯಿತು, ಅದರ ಹಿಂದೆ ಅವರ ದುಡಿಮೆ ಇತ್ತು. ಆಡಳಿತದ ಜೊತೆಗೇ ಕನ್ನಡದ ಗೌರವ ಪ್ರಾಧ್ಯಾಪಕರಾಗಿ ಪಾಠವನ್ನೂ ಮಾಡಿದರು. ಯೋಚನೆ ಮಾಡಿ, ಕನ್ನಡನಾಡಿನಲ್ಲಿ ಕನ್ನಡವನ್ನು ಎಂ.ಎ.ವರೆಗೆ ಓದಲು ಅಲ್ಲಿವರೆಗೂ ಕಾಯಬೇಕಾಯಿತು! ಆ ಮೊದಲ ವರ್ಷಗಳಲ್ಲೇ ಕನ್ನಡ ಎಂ.ಎ. ಮಾಡಿ ಹೊರಬಂದವರಲ್ಲಿ ಕುವೆಂಪು ಒಬ್ಬರು. ತೀ.ನಂ. ಶ್ರೀಕಂಠಯ್ಯ, ಎ.ಎನ್. ಮೂರ್ತಿರಾವ್, ಎಸ್.ವಿ. ರಂಗಣ್ಣ ಇವರೆಲ್ಲಾ ಮೇಷ್ಟ್ರ ಶಿಷ್ಯರೇ. ‘ಕನ್ನಡದ ಕಣ್ವ’ ಅಂತ ಜನ ಕರೆದದ್ದು ಸುಮ್ಮನೆ ಅಲ್ಲ.

1928ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕಲಬುರಗಿ ಆಗ ನಿಜಾಮರ ರಾಜ್ಯದಲ್ಲಿತ್ತು. 1930ರಲ್ಲಿ ತಾವು ಓದಿದ ಸೆಂಟ್ರಲ್ ಕಾಲೇಜಿಗೇ ಇಂಗ್ಲಿಷ್ ಪ್ರೊಫೆಸರ್ ಆಗಿ ಬಂದು, 1942ರಲ್ಲಿ ನಿವೃತ್ತರಾಗೋ ತನಕ ಅಲ್ಲೇ ಇದ್ದರು. ಈ ನಡುವೆ ನಾಟಕದ ಕಡೆಗೂ ಕೈ ಹಾಕಿದ್ದರು. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಕಟ್ಟಿ, ದುರ್ಯೋಧನನನ್ನು ಗ್ರೀಕ್ ದುರಂತ ನಾಯಕನ ಹಾಗೆ ನಿಲ್ಲಿಸಿದರು. ಸೋಫೋಕ್ಲಿಸನ ಅಜಾಕ್ಸ್ ಕನ್ನಡದಲ್ಲಿ ‘ಅಶ್ವತ್ಥಾಮನ್’ ಆದ. ಈಸ್ಕಿಲಸನ ನಾಟಕ ‘ಪಾರಸಿಕರು’ ಆಯಿತು. 1938ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ‘ರಾಜಸೇವಾಸಕ್ತ’ ಬಿರುದು ಕೊಟ್ಟರು.

ಅದೇ ಹೊತ್ತಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ‘ಕನ್ನಡ ನುಡಿ’ ಪತ್ರಿಕೆ, ಪರಿಷತ್ತಿನ ಅಚ್ಚುಕೂಟ, ಕಾವ ಜಾಣ ಪರೀಕ್ಷೆಗಳು ಅಂತ ಒಂದೊಂದೇ ಕೆಲಸ ಹಿಡಿದರು. ಭಾಷಣದಿಂದ ಭಾಷೆ ಉಳಿಯಲ್ಲ, ಅದಕ್ಕೆ ತರಗತಿ, ಪುಸ್ತಕ, ಪ್ರೆಸ್ಸು, ಪರೀಕ್ಷೆ, ನಿಘಂಟು ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿಗೂ ದುಡಿದರು.

ನಿವೃತ್ತಿ ಆದಮೇಲಾದರೂ ಮನೆಯಲ್ಲಿ ಕೂತರೇ? ಇಲ್ಲ. 1944ರಲ್ಲಿ ಧಾರವಾಡದ ಕೆ.ಇ. ಬೋರ್ಡಿನ ಆರ್ಟ್ಸ್ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. 33 ವರ್ಷದ ಹಿಂದೆ ಕನ್ನಡದ ಬಗ್ಗೆ ಮಾತಾಡಿದ ಅದೇ ಊರು. 1946ರ ಜನವರಿ 5ರಂದು ಅಲ್ಲೇ ತೀರಿಕೊಂಡರು. 62 ತುಂಬಿ ಎರಡು ದಿನ ಆಗಿತ್ತು. ಕರ್ನಾಟಕ ಒಂದಾಗಿದ್ದನ್ನು ಅವರು ನೋಡಲಿಲ್ಲ.

ಬಿಎಂಶ್ರೀ ಇಂಗ್ಲಿಷನ್ನು ದ್ವೇಷಿಸಲಿಲ್ಲ, ಅದಕ್ಕೆ ಹೆದರಲೂ ಇಲ್ಲ. ಚೆನ್ನಾಗಿ ಕಲಿತರು, ಕಲಿತದ್ದನ್ನು ಮನೆಗೆ ಹೊತ್ತು ತಂದರು. ಅವರ ಪಾಲಿಗೆ ಬಂದದ್ದು ಕವಿತೆ, ನಾಟಕ. ನಮ್ಮ ಪಾಲಿಗೆ ಬಂದಿರೋದು ಸರ್ಕ್ಯೂಟು, ಕೋಡು, ಕಾಂಕ್ರೀಟು. ಮುಂದಿನ ಇಂಟರ್ನಲ್ಸ್‌ಗೆ ಓದುವಾಗ, ಅರ್ಥವಾದ ಒಂದು ಪಾಠವನ್ನು ಪಕ್ಕದ ಬೆಂಚಿನ ಕನ್ನಡ ಮೀಡಿಯಂ ಗೆಳೆಯನಿಗೋ ಗೆಳತಿಗೋ ಕನ್ನಡದಲ್ಲಿ ವಿವರಿಸಿ ನೋಡಿ. ಎಲ್ಲಿ ಮಾತು ತಡವರಿಸುತ್ತೋ ಅಲ್ಲಿ ನಮಗೆ ಮಾಡೋಕೆ ಕೆಲಸ ಇದೆ ಅಂತ ಅರ್ಥ.