ಮೂಳೆ ಕಲ್ಲುಕಂಬವಲ್ಲ ಎಂದು ತೋರಿಸಿದ ಹೆವೆಸಿ

ನಮ್ಮ ಪಾಪಿನಾಯಕನಹಳ್ಳಿಯಲ್ಲಿ ಯಾರಾದರೂ ಸೊಂಟನೋವು, ಮೊಣಕಾಲುನೋವು ಎಂದರೆ ಸಾಕು, ಮೂಳೆ ಸವೆದಿದೆ, ಕ್ಯಾಲ್ಸಿಯಂ ಗುಳಿಗೆ ತಗೊಳ್ಳಿ ಎಂಬ ಸಲಹೆ ಬರುತ್ತದೆ. ಮೂಳೆ ಹಂಪಿಯ ಕಲ್ಲುಕಂಬದಂತೆ, ಒಮ್ಮೆ ನಿಲ್ಲಿಸಿದ ಮೇಲೆ ಸವೆಯುವುದೊಂದೇ ಬಾಕಿ ಎಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಒಬ್ಬರು ರಸಾಯನವಿಜ್ಞಾನಿ ಜಾರ್ಜ್ ಹೆವೆಸಿ.

1885ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಹೆವೆಸಿ 1911ರಲ್ಲಿ ಮ್ಯಾಂಚೆಸ್ಟರ್‌ನ ರುದರ್‌ಫೋರ್ಡ್ ಪ್ರಯೋಗಾಲಯಕ್ಕೆ ಬಂದರು. ಸೀಸದ ರಾಶಿಯಿಂದ ರೇಡಿಯಂ-ಡಿ ಎಂಬ ವಿಕಿರಣ ಸೂಸುವ ವಸ್ತುವನ್ನು ಬೇರ್ಪಡಿಸುವ ಕೆಲಸ ಅವರ ಪಾಲಿಗೆ ಬಂತು. ಎಷ್ಟು ಹೆಣಗಿದರೂ ಆಗಲಿಲ್ಲ. ಆಗುವಂತೆಯೂ ಇರಲಿಲ್ಲ, ಅದೂ ಸೀಸವೇ, ಸೀಸದ ಇನ್ನೊಂದು ಐಸೋಟೋಪು. ಬೇರ್ಪಡಿಸಲು ಬಾರದಿದ್ದರೆ ಬೇಕೆಂದೇ ಬೆರೆಸಿದರೆ ಹೇಗೆ? ಕುರಿಹಿಂಡಿನಲ್ಲಿ ಒಂದರ ಕೊರಳಿಗೆ ಗಂಟೆ ಕಟ್ಟಿದರೆ ಹಿಂಡು ಎಲ್ಲಿದೆ ಎಂದು ತಿಳಿಯುತ್ತದಲ್ಲ, ಹಾಗೆ. ಊಟದ ಮನೆಯ ಒಡತಿ ನಿನ್ನೆ ಉಳಿದಿದ್ದನ್ನೇ ಇಂದು ಬಡಿಸುತ್ತಾಳೆಂಬ ಅನುಮಾನದಿಂದ ತಟ್ಟೆಯಲ್ಲಿ ಉಳಿದ ಊಟಕ್ಕೆ ವಿಕಿರಣ ವಸ್ತು ಬೆರೆಸಿ, ಮರುದಿನ ಉಪಕರಣ ಹಿಡಿದು ಕಳ್ಳತನ ಪತ್ತೆ ಮಾಡಿದರೆಂಬ ಕಥೆಯೂ ಇದೆ. ಇಂದು ಯಾರೂ ಮಾಡಬಾರದ ಕೆಲಸ ಅದು.

1935ರಲ್ಲಿ ಕೋಪನ್‌ಹೇಗನ್‌ನಲ್ಲಿ ವೈದ್ಯ ಕೀವಿಟ್ಸ್ ಜೊತೆಗೂಡಿ ಅವರು ಇಲಿಗಳಿಗೆ ವಿಕಿರಣಶೀಲ ರಂಜಕವನ್ನು ತಿನ್ನಿಸಿದರು. ಅದರಲ್ಲಿ ಒಂದು ಪಾಲು ಮೂಳೆ ಸೇರಿತು. ಅಚ್ಚರಿಯೆಂದರೆ, ಸೇರಿದ್ದು ಅಲ್ಲೇ ಉಳಿಯಲಿಲ್ಲ. ಹಳೆಯ ಪರಮಾಣು ಹೋಗಿ ಹೊಸದು ಬರುತ್ತಲೇ ಇತ್ತು. ಮೂಳೆಯಲ್ಲಿ ಕೊಡುಕೊಳ್ಳುವಿಕೆ ನಿಲ್ಲುವುದೇ ಇಲ್ಲ ಎಂದು ಆಗ ಕಂಡಿತು.

1943ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಹೆವೆಸಿ ಸ್ವೀಡನ್ ಸೇರಿದರು. ಆ ವರ್ಷದ ರಸಾಯನಶಾಸ್ತ್ರ ನೊಬೆಲ್ ಅವರದೇ. 1966ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ತೀರಿಕೊಂಡರು.

ಈ ಕೊಡುಕೊಳ್ಳುವಿಕೆ ಕೆಡುವ ಒಂದು ಅಪರೂಪದ ಕಾಯಿಲೆಯಿದೆ. ದೇಹದಲ್ಲೆಲ್ಲೋ ಅಡಗಿದ ಪುಟ್ಟ ಗಡ್ಡೆಯೊಂದು ಎಫ್‌ಜಿಎಫ್-23 ಎಂಬ ಹಾರ್ಮೋನನ್ನು ಅತಿಯಾಗಿ ಸುರಿಸುತ್ತದೆ. ಮೂತ್ರಪಿಂಡ ಫಾಸ್ಫೇಟನ್ನು, ಅಂದರೆ ಆ ರಂಜಕವನ್ನೇ, ಮೂತ್ರದಲ್ಲಿ ಹೊರಹಾಕುತ್ತದೆ. ಮೂಳೆ ಮೆದುವಾಗಿ ಬಿರುಕು ಬಿಡುತ್ತದೆ, ನಡೆಯುವುದೇ ಕಷ್ಟವಾಗುತ್ತದೆ. ಎಕ್ಸ್‌ರೇಯಲ್ಲಿ ಬಿರುಕು ಕಾಣುತ್ತದೆ, ಅದಕ್ಕೆ ಕಾರಣವಾದ ಗಡ್ಡೆ ಸಾಮಾನ್ಯವಾಗಿ ಕಾಣುವುದಿಲ್ಲ. ಅದು ಕಾಲ್ಬೆರಳಲ್ಲೂ ಇರಬಹುದು, ಮೂಗಿನ ಒಳಗೂ ಇರಬಹುದು. ಹಾಗಾಗಿ ತಲೆಯಿಂದ ಪಾದದವರೆಗೆ ಹುಡುಕಬೇಕು. ಇಲ್ಲಿ ನೆರವಿಗೆ ಬರುವುದು ಹೆವೆಸಿಯ ಅದೇ ಗಂಟೆ. ಇಂಥ ಗಡ್ಡೆಗಳ ಮೇಲೆ ಸಾಮಾನ್ಯವಾಗಿ ಇರುವ ಗ್ರಾಹಕಗಳಿಗೆ ಅಂಟುವ ಡೋಟಾಟೇಟ್ ಎಂಬ ಅಣುವಿಗೆ ಗ್ಯಾಲಿಯಂ-68 ಕಟ್ಟಿ ರಕ್ತಕ್ಕೆ ಬಿಡುತ್ತಾರೆ. ಅದು ಕೂಡಿದ ಜಾಗ ಪೆಟ್-ಸಿಟಿ ಸ್ಕ್ಯಾನ್‌ನಲ್ಲಿ ಹೊಳೆಯುತ್ತದೆ. ಸುಮಾರು 68 ನಿಮಿಷಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಗಡ್ಡೆಯನ್ನು ಪೂರ್ತಿ ತೆಗೆದರೆ ಕೆಲವೇ ದಿನಗಳಲ್ಲಿ ಫಾಸ್ಫೇಟ್ ಏರುತ್ತದೆ, ಮೂಳೆ ತಿಂಗಳುಗಳಲ್ಲಿ ಗಟ್ಟಿಯಾಗುತ್ತದೆ.

ಎಲ್ಲ ಮೂಳೆನೋವಿಗೂ ಈ ಸ್ಕ್ಯಾನ್ ಬೇಡ. ಆದರೆ ಗುಳಿಗೆ ನುಂಗಿಯೂ ನೋವು ಹೆಚ್ಚುತ್ತಿದ್ದರೆ, ಮೂಳೆ ಪದೇಪದೇ ಬಿರುಕು ಬಿಡುತ್ತಿದ್ದರೆ, ರಕ್ತದಲ್ಲಿ ಫಾಸ್ಫೇಟ್ ಎಷ್ಟಿದೆ ನೋಡಿದ್ದೀರಾ ಎಂದು ವೈದ್ಯರನ್ನು ಕೇಳಬಹುದು. ಕ್ಯಾಲ್ಸಿಯಂ ಪರೀಕ್ಷೆಯ ಜೊತೆಗೆ ಅದನ್ನು ಮಾಡಿಸುವುದು ಎಷ್ಟೋ ಸಲ ಬಿಟ್ಟುಹೋಗಿರುತ್ತದೆ.