ಚಳಿಗೆ ಜಗ್ಗದ ಕಬ್ಬು ಕೊಟ್ಟ ವಿಜ್ಞಾನಿ

ಮಕ್ಕಳೇ, ಸಂಕ್ರಾಂತಿಯಲ್ಲಿ ಕಬ್ಬು ಸಿಗಿದು ತಿನ್ನುವಾಗ ಒಂದು ಸಂಗತಿ ಗಮನಿಸಿದ್ದೀರಾ? ಬುಡದ ತುಂಡು ಬಲು ಸಿಹಿ, ತುದಿಯದು ಸಪ್ಪೆ. ಏಕೆಂದರೆ ಬುಡ ಮೊದಲು ಮಾಗುತ್ತದೆ. ತುದಿ ಇನ್ನೂ ಬೆಳೆಯುತ್ತಿರುತ್ತದೆ. ಸೆಕೆ ಮತ್ತು ನೀರು ಹೇರಳವಾಗಿದ್ದಾಗ ಕಬ್ಬು ತಾನು ತಯಾರಿಸಿದ ಸಕ್ಕರೆಯನ್ನು ಬೆಳವಣಿಗೆಗೇ ಹೆಚ್ಚಾಗಿ ಬಳಸುತ್ತದೆ. ಮಳೆ ನಿಂತು, ಹಗಲು ಬಿಸಿಲು, ರಾತ್ರಿ ತಂಪು ಇದ್ದಾಗ ಬೆಳವಣಿಗೆ ನಿಧಾನವಾಗಿ, ಸಕ್ಕರೆ ದಂಟಿನಲ್ಲಿ ಶೇಖರವಾಗುತ್ತದೆ.

ಆದರೆ ಚಳಿ ಮಿತಿಮೀರಿದರೆ? ಈ ಸಮಸ್ಯೆಗೆ ಪರಿಹಾರ ಹುಡುಕಿದವರಲ್ಲಿ ಪ್ರಮುಖರು ಟಿ. ಎಸ್. ವೆಂಕಟರಾಮನ್.

ಅವರು ಹುಟ್ಟಿದ್ದು 1884ರಲ್ಲಿ. ಆಗ ನಮ್ಮ ದೇಶದ ಹೆಚ್ಚಿನ ಕಬ್ಬು ಉತ್ತರ ಭಾರತದಲ್ಲಿ ಬೆಳೆಯುತ್ತಿತ್ತು. ದಕ್ಷಿಣದ ದಪ್ಪ, ಸಿಹಿ ಕಬ್ಬು ಅಲ್ಲಿನ ಚಳಿಗಾಲವನ್ನು ತಾಳುತ್ತಿರಲಿಲ್ಲ. ತಾಳುತ್ತಿದ್ದ ನಾಟಿ ಕಬ್ಬು ತೆಳ್ಳಗಿತ್ತು, ಇಳುವರಿಯೂ ಕಡಿಮೆ. ರೈತನಿಗೆ ಲಾಭವಿಲ್ಲ, ದೇಶಕ್ಕೆ ಸಕ್ಕರೆ ಸಾಲದು. ಜಾವಾ ದ್ವೀಪದಿಂದ ಹಡಗಿನಲ್ಲಿ ಸಕ್ಕರೆ ತರಿಸಬೇಕಾಗಿತ್ತು.

1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಶೋಧನಾ ಕೇಂದ್ರ ಆರಂಭವಾಯಿತು. ಉತ್ತರದ ಬೆಳೆಗೆ ದಕ್ಷಿಣದಲ್ಲೇಕೆ ಕೇಂದ್ರ ಎನ್ನುತ್ತೀರಾ? ಹೊಸ ತಳಿ ಬೇಕೆಂದರೆ ಕಬ್ಬು ಹೂ ಬಿಟ್ಟು ಬೀಜ ಕಟ್ಟಬೇಕು. ಉತ್ತರದ ಹವೆಯಲ್ಲಿ ಅದು ಕಷ್ಟ. ಕೊಯಮತ್ತೂರಿನ ಹಿತವಾದ ಹವೆಯಲ್ಲಿ ಸುಲಭ.

ಅಲ್ಲಿ ವೆಂಕಟರಾಮನ್ ಅವರು ಸಿ. ಎ. ಬಾರ್ಬರ್ ಎಂಬ ವಿಜ್ಞಾನಿಗೆ ಸಹಾಯಕರಾದರು. ಅವರು ದಪ್ಪ, ಸಿಹಿ ಕಬ್ಬನ್ನು ಕಾಡುಕಬ್ಬಿನೊಂದಿಗೆ ಸಂಕರ ಮಾಡಿದರು. ಕಾಡುಕಬ್ಬು ಹುಲ್ಲಿನಂತೆ ತೆಳ್ಳಗೆ, ಸಿಹಿಯೂ ತೀರಾ ಕಡಿಮೆ. ಸಿಹಿ ಕಬ್ಬಿಗೆ ಸಪ್ಪೆ ಹುಲ್ಲು ಬೆರೆಸಿದರೆ ಸಿಹಿ ಕೆಡುವುದಿಲ್ಲವೇ ಎಂದು ನಿಮಗೆ ಅನ್ನಿಸಬಹುದು. ಆದರೆ ಕಾಡುಕಬ್ಬಿಗೆ ಚಳಿ, ಬರ ಎರಡನ್ನೂ ತಾಳುವ ಗುಣವಿತ್ತು. ಒಂದೊಂದು ಬೀಜದಿಂದ ಹುಟ್ಟಿದ ಸಸಿಯೂ ಬೇರೆ ಬೇರೆ. ಅವುಗಳಲ್ಲಿ ಎರಡೂ ಕಡೆಯ ಒಳ್ಳೆಯ ಗುಣ ಪಡೆದವನ್ನು ತಾಳ್ಮೆಯಿಂದ ಆರಿಸಬೇಕಿತ್ತು.

ಹೀಗೆ ದೊರೆತ ಸಿ.ಒ. 205 ಎಂಬ ತಳಿ 1918ರಲ್ಲಿ ಪಂಜಾಬಿನ ರೈತರಿಗೆ ಬಿಡುಗಡೆಯಾಯಿತು. ಸಿ.ಒ. ಎಂದರೆ ಕೊಯಮತ್ತೂರು. ಅದು ಅಲ್ಲಿನ ಚಳಿಗೆ ಜಗ್ಗಲಿಲ್ಲ. ನಾಟಿ ಕಬ್ಬಿಗಿಂತ ಹೆಚ್ಚು ಇಳುವರಿ ಕೊಟ್ಟಿತು.

ಬಾರ್ಬರ್ 1919ರಲ್ಲಿ ನಿವೃತ್ತರಾದ ಮೇಲೆ ವೆಂಕಟರಾಮನ್ 1942ರವರೆಗೆ ಈ ಕೆಲಸವನ್ನು ಮುನ್ನಡೆಸಿದರು. ಒಂದೇ ಕಬ್ಬು ಎಲ್ಲ ಹವೆಗೂ ಒಗ್ಗದೆಂದು ಬೇರೆ ಬೇರೆ ಪ್ರದೇಶಕ್ಕೆ ಬೇರೆ ಬೇರೆ ತಳಿ ರೂಪಿಸಿದರು. ದಕ್ಷಿಣಕ್ಕೆ ಹೊಂದಿದ ಸಿ.ಒ. 419 ನಮ್ಮ ಕರ್ನಾಟಕದಲ್ಲೂ ಹೆಸರಾಯಿತು. ಅವರಿಗೆ 1956ರಲ್ಲಿ ಪದ್ಮಭೂಷಣ ಸಂದಿತು. 1963ರಲ್ಲಿ ಅವರು ತೀರಿಕೊಂಡರು.

ಕಟಾವಿನ ಹೊತ್ತಿಗೆ ಮಳೆ ಬಂದರೆ ರೈತರು ಏಕೆ ಚಿಂತಿಸುತ್ತಾರೆ? ಈಗ ನೀವೇ ಉತ್ತರ ಹೇಳಬಲ್ಲಿರಿ. ಮುಂದಿನ ಸಲ ಕಬ್ಬು ಸಿಕ್ಕಾಗ ಬುಡ, ನಡು, ತುದಿ ಮೂರರ ರುಚಿಯನ್ನೂ ಹೋಲಿಸಿ ನೋಡಿ.