ಬಿ. ವಿ. ಕಾರಂತರೂ ಬೇಸಿಗೆಯ ಮಕ್ಕಳೂ

ಬೇಸಿಗೆಯ ರಜೆ ಬಂದೊಡನೆ ನಗರಗಳಲ್ಲಿ ಮಕ್ಕಳ ಶಿಬಿರಗಳು ಮೊದಲಾಗುತ್ತವೆ. ಜೇಡಿಮಣ್ಣಿನಲ್ಲಿ ಆನೆ ಕುದುರೆಗಳನ್ನು ಮಾಡುವುದು, ಹಳೆಯ ಪತ್ರಿಕೆಗಳನ್ನು ಅಂಟಿನಲ್ಲಿ ನೆನೆಸಿ ಮುಖವಾಡ ಕಟ್ಟುವುದು, ಬಣ್ಣ ಬಳಿಯುವುದು, ಹಾಡುವುದು, ಕುಣಿಯುವುದು, ಕಡೆಯ ದಿನ ಒಂದು ನಾಟಕವಾಡುವುದು, ಇವು ಅಲ್ಲಿನ ಕೆಲಸಗಳು. ಇದೆಲ್ಲ ಬರಿಯ ಕಾಲಹರಣವೆಂದು ಭಾವಿಸುವ ಹಿರಿಯರು ಇಂದಿಗೂ ಇದ್ದಾರೆ. ಪುಸ್ತಕ ಮುಚ್ಚಿಟ್ಟ ದಿನಗಳಲ್ಲಿ ಮಗು ಕಲಿತುದೇನು ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ತರ್ಕದಿಂದ ಉತ್ತರ ಕೊಡುವುದಕ್ಕಿಂತ ಒಂದು ಬಾಳಿನ ಕಥೆಯಿಂದ ಕೊಡುವುದು ಲೇಸೆಂದು ನನಗೆ ತೋರುತ್ತದೆ. ಆ ಬಾಳು ಬಿ. ವಿ. ಕಾರಂತರದು. ಅವರು ತೀರಿಕೊಂಡುದು ೨೦೦೨ರಲ್ಲಿ. ಪಿರಿಯಾಪಟ್ಟಣದ ಕಾಲೇಜಿನಲ್ಲಿ ಇಂದು ನನ್ನ ಮುಂದೆ ಕುಳಿತು ಪಾಠ ಕೇಳುವ ತರುಣ ತರುಣಿಯರು ಅದಾದ ಮೇಲೆ ಹುಟ್ಟಿದವರು. ಅವರ ಪಾಲಿಗೆ ಕಾರಂತರು ಎಂದರೆ ಹೆಸರು ಮಾತ್ರ.

ಬಾಬುಕೋಡಿ ವೆಂಕಟರಮಣ ಕಾರಂತರು ಹುಟ್ಟಿದುದು ೧೯೨೯ರಲ್ಲಿ, ದಕ್ಷಿಣ ಕನ್ನಡದ ಬಂಟವಾಳ ತಾಲ್ಲೂಕಿನ ಮಂಚಿಯ ಬಳಿ. ಯಕ್ಷಗಾನದ ಚೆಂಡೆ ಮದ್ದಳೆಗಳ ಸದ್ದು ಕಿವಿಗೆ ಬೀಳುತ್ತಿದ್ದ ಸೀಮೆ ಅದು. ಮೂರನೆಯ ತರಗತಿಯಲ್ಲಿದ್ದಾಗ ಶಾಲೆಯ ಉಪಾಧ್ಯಾಯರಾದ ಪಿ. ಕೆ. ನಾರಾಯಣ ಎಂಬವರು ಈ ಹುಡುಗನಿಗೆ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕದಲ್ಲಿ ಪಾತ್ರ ಕಟ್ಟಿಸಿದರು. ಕಾಡಿನ ದಾರಿಯಲ್ಲಿ ಒಂಟಿಯಾಗಿ ಶಾಲೆಗೆ ಹೋಗಲು ಅಂಜುವ ಬಡ ಬಾಲಕ, ಅವನು ಕರೆದಾಗ ಬಂದು ಜೊತೆಗೂಡುವ ಬನದ ಗೋಪಾಲ: ಇಷ್ಟೇ ಅದರ ಕಥೆ. ಆ ಪುಟ್ಟ ನಾಟಕ ಹುಡುಗನ ಬಾಳಿನ ದಾರಿಯನ್ನೇ ಬದಲಿಸಿತು. ಹಳ್ಳಿಯ ಶಾಲೆಯ ಮೇಷ್ಟರೊಬ್ಬರು ಪಠ್ಯದ ಹೊರಗೆ ಮಾಡಿಸಿದ ಒಂದು ಆಟದಿಂದ ಭಾರತದ ರಂಗಭೂಮಿಗೆ ಒಬ್ಬ ನಿರ್ದೇಶಕ ದೊರೆತನೆಂಬುದನ್ನು ನಾವು ಉಪಾಧ್ಯಾಯರು ಆಗಾಗ ನೆನೆಯುವುದು ಒಳ್ಳೆಯದು.

ಎಳೆಯ ಹರೆಯದಲ್ಲಿಯೇ ಕಾರಂತರು ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಹುಡುಗರು ಮನೆ ಬಿಟ್ಟು ಕಂಪನಿ ಸೇರುವುದು ಆ ಕಾಲಕ್ಕೆ ಹೊಸತಲ್ಲ. ಕೆಟ್ಟು ಹೋದವರೂ ಉಂಟು. ಆದರೆ ಇವರ ಪಾಲಿಗೆ ಕಂಪನಿಯೇ ಶಾಲೆಯಾಯಿತು. ಊರಿಂದೂರಿಗೆ ಸಾಗುವ ಆ ಮನೆಯಲ್ಲಿ ಹಾಡು, ಮಾತು, ವೇಷ, ಪರದೆ ಎಲ್ಲವನ್ನೂ ಕಣ್ಣಾರೆ ನೋಡಿ, ಕೈಯಾರೆ ಮಾಡಿ ಕಲಿಯಬೇಕಾಗಿದ್ದಿತು. ಹುಡುಗನ ಬುದ್ಧಿಯನ್ನು ಕಂಡ ವೀರಣ್ಣನವರು ಅವನನ್ನು ಓದಲೆಂದು ಕಾಶಿಗೆ ಕಳುಹಿಸಿದರು. ತಮ್ಮಲ್ಲಿ ಒದಗಿದ ನಟನನ್ನು ತಾವೇ ದೂರ ಕಳುಹಿಸಿದ ಈ ಔದಾರ್ಯ ಸಾಮಾನ್ಯವಾದುದಲ್ಲ. ಕಾಶಿಯಲ್ಲಿ ಕಾರಂತರು ಹಿಂದಿಯಲ್ಲಿ ಎಂ. ಎ. ಮಾಡಿದರು, ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು ಸೇರಿ ೧೯೬೨ರಲ್ಲಿ ಪದವೀಧರರಾದರು.

ನನ್ನ ಲೇಖನದ ವಿಷಯಕ್ಕೆ ಅತ್ಯಂತ ಮುಖ್ಯವಾದ ಘಟ್ಟ ಇದರ ನಂತರದ್ದು. ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಅವರು ನಾಟಕದ ಉಪಾಧ್ಯಾಯರಾದರು. ದೊಡ್ಡ ನಾಟಕಗಳ ನಿರ್ದೇಶಕರೆಂದು ನಾಡು ಅವರನ್ನು ಗುರುತಿಸುವುದಕ್ಕೆ ಮೊದಲು ಅವರು ಮಕ್ಕಳೊಡನೆ ದಿನಗಳೆದವರು. ಮಕ್ಕಳಿಗಾಗಿ ಅವರು ಮಾಡಿದ ನಾಟಕಗಳಲ್ಲಿ ‘ಪಂಜರ ಶಾಲೆ’ ಹೆಸರಾದುದು. ರವೀಂದ್ರನಾಥ ಠಾಕೂರರ ಗಿಳಿಯ ಕಥೆ ಅದಕ್ಕೆ ಆಧಾರ. ಹಾಡುತ್ತ ಹಾರಾಡುತ್ತಿದ್ದ ಗಿಳಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ರಾಜನಿಗೆ ತೋರುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ, ಪಂಡಿತರು ಸೇರುತ್ತಾರೆ, ಪ್ರತಿಕಾರರು ಹಗಲಿರುಳು ಗ್ರಂಥಗಳನ್ನು ಬರೆಯುತ್ತಾರೆ, ಎಲ್ಲರಿಗೂ ಸಂಬಳ ಸಾರಿಗೆಗಳು ಏರುತ್ತವೆ. ಗಿಳಿಯ ಬಾಯಲ್ಲಿ ಪುಸ್ತಕದ ಹಾಳೆಗಳನ್ನು ತುರುಕುತ್ತಾರೆ. ಹಾಡು ನಿಲ್ಲುತ್ತದೆ, ರೆಕ್ಕೆ ನಿಲ್ಲುತ್ತದೆ, ಒಂದು ದಿನ ಗಿಳಿಯೇ ನಿಲ್ಲುತ್ತದೆ. ಇಷ್ಟು ಗದ್ದಲದ ನಡುವೆ ಗಿಳಿ ಹೇಗಿದೆಯೆಂದು ನೋಡುವವರೇ ಇಲ್ಲ.

ಈ ಕಥೆಯನ್ನು ಹಿರಿಯರು ಓದಿ ತಲೆದೂಗುವುದು ಬೇರೆ, ಮಕ್ಕಳೇ ಆಡಿ ತೋರಿಸುವುದು ಬೇರೆ. ಮಗುವೊಂದು ಪಂಡಿತನ ಪೇಟ ಕಟ್ಟಿಕೊಂಡು ಗಿಳಿಗೆ ಪಾಠ ಹೇಳುವಾಗ ತನ್ನ ಶಾಲೆಯನ್ನೇ ಹೊರಗೆ ನಿಂತು ನೋಡುತ್ತದೆ. ನಗುತ್ತಲೇ ಅದನ್ನು ತೂಗಿ ನೋಡುತ್ತದೆ. ಮಕ್ಕಳಿಗೆ ಹಾಗೆ ತೂಗುವ ಶಕ್ತಿಯುಂಟು ಎಂಬ ನಂಬಿಕೆ ಕಾರಂತರಲ್ಲಿತ್ತು. ‘ನೀಲಿ ಕುದುರೆ’, ‘ಹೆಡ್ಡಾಯಣ’, ‘ಅಳಿಲು ರಾಮಾಯಣ’ಗಳು ಈ ನಂಬಿಕೆಯ ಫಲಗಳೇ. ರಂಗಸಂಗೀತದಲ್ಲಿಯೂ ಅವರದು ಮಗುವಿನ ಕಿವಿ. ಶ್ರುತಿ ಮಾಡಿದ ವಾದ್ಯದ ನಾದಕ್ಕೆ ಮಾತ್ರ ಬೆಲೆಯೆಂದು ಅವರು ಬಗೆಯಲಿಲ್ಲ. ಕಲ್ಲು, ಕೋಲು, ತಗಡು, ಮನುಷ್ಯನ ಉಸಿರು, ಎಲ್ಲದರಲ್ಲಿಯೂ ಅವರಿಗೆ ಸಂಗೀತ ಕೇಳಿಸುತ್ತಿತ್ತು. ಅಡಿಗೆಮನೆಯ ಪಾತ್ರೆಯನ್ನು ಬಡಿದು ಬೈಸಿಕೊಳ್ಳುವ ಮಗು ಮಾಡುವುದು ಇದನ್ನೇ ಅಲ್ಲವೆ?

ಅವರ ಮುಂದಿನ ಕೀರ್ತಿಯ ಕಥೆ ಬಹುಮಂದಿಗೆ ತಿಳಿದುದು. ೧೯೭೨ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂಬದಿಯ ಬಯಲಿನಲ್ಲಿ ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ನಾಟಕಗಳನ್ನು ಆಡಿಸಿ ಕನ್ನಡ ರಂಗಭೂಮಿಗೆ ಹೊಸ ಉಸಿರು ತಂದರು. ‘ಬೆನಕ’ ತಂಡವನ್ನು ಕಟ್ಟಿದರು. ‘ಹಯವದನ’, ‘ಸತ್ತವರ ನೆರಳು’ ಅವರ ಹಾಡುಗಳೊಡನೆ ಊರೂರು ಸುತ್ತಿದವು. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಚಲನಚಿತ್ರವಾಗಿಸಿ ೧೯೭೫ನೆಯ ವರ್ಷದ ಸ್ವರ್ಣಕಮಲವನ್ನು ಪಡೆದರು. ಪತ್ನಿ ಪ್ರೇಮಾ ಕಾರಂತರು ೧೯೭೯ರಲ್ಲಿ ‘ಬೆನಕ ಮಕ್ಕಳ ಕೇಂದ್ರ’ವನ್ನು ತೆರೆದು ಮಕ್ಕಳ ರಂಗಭೂಮಿಗೆ ಒಂದು ನೆಲೆಯನ್ನು ಒದಗಿಸಿದರು. ೧೯೭೭ರಿಂದ ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರು. ಆ ಬಳಿಕ ಭೋಪಾಲದ ಭಾರತ ಭವನದ ರಂಗಮಂಡಲದ ಹೊಣೆ. ಅಲ್ಲಿ ೧೯೮೬ರಲ್ಲಿ ಅವರ ಬಾಳಿನ ಅತ್ಯಂತ ಕಹಿಯಾದ ಅಧ್ಯಾಯ ನಡೆಯಿತು. ಸಹಕಲಾವಿದೆಯೊಬ್ಬರು ಬೆಂಕಿಯಲ್ಲಿ ಬೆಂದ ದುರಂತದಲ್ಲಿ ಅವರು ಆರೋಪಿಯಾಗಿ ಬಂಧನವನ್ನು ಅನುಭವಿಸಿದರು. ಮುಂದೆ ನ್ಯಾಯಾಲಯದಲ್ಲಿ ಬಿಡುಗಡೆಯಾಯಿತು. ಇದನ್ನು ಬಿಟ್ಟು ಅವರ ಚರಿತ್ರೆಯನ್ನು ಹೇಳುವುದು ಸಲ್ಲದು. ಇದೊಂದನ್ನೇ ಹಿಡಿದು ಹೇಳುವುದೂ ಸಲ್ಲದು.

ಬಸವಳಿದು ಬಂದ ಅವರಿಗೆ ಕರ್ನಾಟಕ ಕೈಚಾಚಿತು. ೧೯೮೯ರಲ್ಲಿ ಮೈಸೂರಿನಲ್ಲಿ ‘ರಂಗಾಯಣ’ ಹುಟ್ಟಿತು. ಕಾರಂತರು ಅದರ ಮೊದಲ ನಿರ್ದೇಶಕರಾಗಿ ೧೯೯೫ರವರೆಗೆ ದುಡಿದರು. ತರುಣ ಕಲಾವಿದರನ್ನು ಕೂಡಿಸಿ, ಮೈ, ಕಂಠ, ಕಣ್ಣು ಎಲ್ಲವನ್ನೂ ಪಳಗಿಸಿ ಅವರು ಬೆಳೆಸಿದ ಆ ಸಂಸ್ಥೆಯ ಅಂಗಳದಲ್ಲಿಯೇ ಈಗ ಬೇಸಿಗೆಯ ‘ಚಿಣ್ಣರ ಮೇಳ’ ನಡೆಯುವುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ನೂರಾರು ಮಕ್ಕಳು ಅಲ್ಲಿ ಮಣ್ಣು ಕಲಸುತ್ತಾರೆ, ಚಿತ್ರ ಬರೆಯುತ್ತಾರೆ, ಮುಖವಾಡ ಕಟ್ಟುತ್ತಾರೆ, ತಾವೇ ಅಂಗಡಿಯಿಟ್ಟು ಸಂತೆ ಹೂಡುತ್ತಾರೆ, ಕೊನೆಗೆ ನಾಟಕವಾಡುತ್ತಾರೆ. ಮಂಚಿಯ ಶಾಲೆಯಲ್ಲಿ ಒಬ್ಬ ಬಾಲಕನಿಗೆ ದೊರೆತ ಭಾಗ್ಯ ಇಲ್ಲಿ ನೂರಾರು ಮಂದಿಗೆ ದೊರೆಯುತ್ತದೆ.

ನೂರಾರು ಮಂದಿಗೆ ಎಂದೆ, ಎಲ್ಲರಿಗೂ ಎನ್ನಲಾರೆ. ನಮ್ಮ ಪಿರಿಯಾಪಟ್ಟಣದಿಂದ ಮೈಸೂರು ಅರುವತ್ತು ಕಿಲೋಮೀಟರಿಗೂ ದೂರ. ನಮ್ಮದು ಹೊಗೆಸೊಪ್ಪಿನ ಸೀಮೆ. ಏಪ್ರಿಲ್ ಎಂದರೆ ಇಲ್ಲಿ ಸಸಿಮಡಿಗೆ ನೀರು ಹನಿಸುವ ಕಾಲ, ಮೇ ಎಂದರೆ ಸಸಿಯನ್ನು ಹೊಲಕ್ಕೆ ಸಾಗಿಸುವ ಕಾಲ. ಶಾಲೆಗೆ ರಜೆ ಬಂದರೆ ಎಷ್ಟೋ ಮನೆಗಳಲ್ಲಿ ಎರಡು ಪುಟ್ಟ ಕೈಗಳು ಕೆಲಸಕ್ಕೆ ಒದಗಿದುವೆಂದೇ ಲೆಕ್ಕ. ಆ ಕೈಗಳಿಗೆ ಬಣ್ಣವೂ ಜೇಡಿಮಣ್ಣೂ ಯಾವಾಗ ದೊರೆಯಬೇಕು? ಆ ಮಕ್ಕಳೇ ಬೆಳೆದು ನನ್ನ ತರಗತಿಗೆ ಬರುತ್ತಾರೆ. ಬುದ್ಧಿಗೆ ಕೊರತೆಯಿಲ್ಲ, ಆದರೆ ನಿಮಗೆ ತೋರಿದುದನ್ನು ಹೇಳಿ ಎಂದರೆ ಲೇಖನಿ ಹಿಡಿದು, ನಾನು ಬರೆಯಿಸುವುದನ್ನೇ ಕಾಯುತ್ತ ಕೂರುತ್ತಾರೆ. ಹಾಳೆಗಳನ್ನು ನುಂಗಿದ ಗಿಳಿಯ ಕಥೆಯನ್ನು ನಾನು ಅವರಿಗೆ ನಗಿಸುವುದಕ್ಕಾಗಿ ಹೇಳಲಾರೆ.

ಇದಕ್ಕೆ ಪರಿಹಾರವನ್ನು ಮೈಸೂರಿನಿಂದಲೇ ತರಬೇಕಾಗಿಲ್ಲ. ನಮ್ಮ ತಾಲ್ಲೂಕಿನ ಕೆರೆಗಳಲ್ಲಿ ಮಣ್ಣುಂಟು. ಬೈಲುಕುಪ್ಪೆಯ ಟಿಬೆಟನ್ ವಿಹಾರಗಳಲ್ಲಿ ಮುಖವಾಡದ ಕುಣಿತವುಂಟು. ಮಸಣಿಕಮ್ಮನ ಜಾತ್ರೆಯಲ್ಲಿ ಮಕ್ಕಳು ಕಂಡು ಬಂದು ಆಡಿ ತೋರಿಸಬಹುದಾದ ನೂರು ವೇಷಗಳುಂಟು. ಕಲ್ಲು ಕೋಲುಗಳು ಕಾರಂತರಿಗೆ ಸಾಕಾಗಿದ್ದುವು. ನಮ್ಮ ಹಳ್ಳಿಯ ಶಾಲೆಗಳಿಗೂ ಸಾಕು. ಬೆಳಗಿನ ನೀರು ಹೊತ್ತು ಮುಗಿದ ಮೇಲೆ ಬಿಸಿಲೇರಿದ ಎರಡು ತಾಸು ಶಾಲೆಯ ಜಗಲಿಯನ್ನು ಮಕ್ಕಳಿಗೆ ತೆರೆದಿಟ್ಟರೆ, ಹತ್ತು ದಿನದ ಶಿಬಿರ ಯಾವ ಊರಿನಲ್ಲಿಯೂ ನಡೆದೀತು. ಕಾಲೇಜಿನ ಹುಡುಗರು ಹೋಗಿ ಜೊತೆಗೂಡಿದರೆ ಅವರ ಬಾಯಿಯೂ ಬಿಟ್ಟೀತು. ಬೇಕಾದುದು ಪಿ. ಕೆ. ನಾರಾಯಣರಂತಹ ಒಬ್ಬ ಮೇಷ್ಟರು. ಅಂಥವರು ಪ್ರತಿಯೊಂದು ಊರಿನಲ್ಲಿಯೂ ಒಬ್ಬರಾದರೂ ಇರುತ್ತಾರೆಂದು ನಾನು ನಂಬಿದ್ದೇನೆ. ಬರುವ ಏಪ್ರಿಲ್ಲಿಗೆ ಮುಂಚೆ ಅವರನ್ನು ಹುಡುಕಿ ಹಿಡಿಯುವುದು ನಮ್ಮ ಕೆಲಸ.